ಯಾರೂ ಕಲಿಸದ ಪಾಠಗಳು

ಓಣಿಯಲ್ಲಿ ನಡೆದು ಹೋಗುತ್ತಿರುವಾಗ ಚಪ್ಪಲಿಯ ಬಾರು ಸಡಿಲಾಯಿತೆಂದು ನಾವು ಬಾಗುತ್ತೇವೆ. ಅಷ್ಟರಲ್ಲಿ ಎದುರಿನ ಅಂಗಡಿಯ ಮೆಟ್ಟಿಲ ಬಳಿ ಮಲಗಿದ್ದ ನಾಯಿ ಚಂಗನೆ ಎದ್ದು ಬಾಲ ಮುದುಡಿಕೊಂಡು ಓಡುತ್ತದೆ. ಸ್ವಲ್ಪ ದೂರ ಹೋಗಿ ನಿಂತು ತಿರುಗಿ ನಮ್ಮ ಕೈಯನ್ನೇ ನೋಡುತ್ತದೆ. ನಮ್ಮ ಕೈಯಲ್ಲಿ ಕಲ್ಲಿಲ್ಲ. ಹೊಡೆಯುವ ಯೋಚನೆಯೂ ನಮಗಿಲ್ಲ. ಆ ನಾಯಿಯನ್ನು ನಾವು ಈ ಮೊದಲು ಕಂಡದ್ದೂ ಇಲ್ಲ. ಆದರೆ ಬಾಗುವ ಮನುಷ್ಯ ಏಳುವಾಗ ಕೈಯಲ್ಲಿ ಕಲ್ಲಿರುತ್ತದೆ ಎಂಬ ಪಾಠ ಅದಕ್ಕೆ ಯಾವಾಗಲೋ ಆಗಿಹೋಗಿದೆ. ಕಲಿಸಿದವರು ಯಾರು? ಕಲ್ಲೆಸೆದ ಹುಡುಗನನ್ನು ಕೇಳಿದರೆ ತಾನು ನಾಯಿಯನ್ನು ಓಡಿಸಿದೆನೇ ಹೊರತು ಏನನ್ನೂ ಕಲಿಸಲಿಲ್ಲ ಎಂದೇ ಹೇಳುತ್ತಾನೆ.

ನಾಯಿಯ ಬಾಲ ಡೊಂಕು ಎಂಬ ಗಾದೆಯನ್ನು ನಾವೆಲ್ಲ ಬಳಸುತ್ತೇವೆ. ನಾಯಿಯ ಕೆಟ್ಟ ಅಭ್ಯಾಸವೆಲ್ಲ ಅದರ ಹುಟ್ಟುಗುಣ ಎಂಬುದು ಈ ಗಾದೆಯ ತಾತ್ಪರ್ಯ. ಊಟದ ಹೊತ್ತಿಗೆ ಕಾಲ ಬಳಿ ಬಂದು ಕುಂಯ್‌ಗುಡುವ ನಾಯಿಯನ್ನು ಬೈಯುತ್ತಲೇ ಒಂದು ತುಂಡು ರೊಟ್ಟಿ ಎಸೆಯುವವರು ನಾವು. ಬೈಗುಳ ನಾಯಿಗೆ ತಿಳಿಯುವುದಿಲ್ಲ, ರೊಟ್ಟಿ ತಿಳಿಯುತ್ತದೆ. ಗೇಟಿನ ಬಳಿ ಬೊಗಳಿದಾಗ ಅಂಚೆಯವನು ಹೊರಟುಹೋಗುತ್ತಾನೆ. ಅವನು ಬಂದದ್ದು ಕಾಗದ ಕೊಟ್ಟು ಹೋಗುವುದಕ್ಕೇ. ಆದರೆ ನಾಯಿಯ ಲೆಕ್ಕದಲ್ಲಿ ಅವನನ್ನು ಓಡಿಸಿದ್ದು ತನ್ನ ಬೊಗಳು. ಹೀಗೆ ದಿನವೂ ಗೆಲ್ಲುವ ನಾಯಿ ಬೊಗಳುವುದನ್ನು ಏಕೆ ಬಿಟ್ಟೀತು?

ನಾಯಿ ನಮ್ಮ ಮಾತನ್ನಲ್ಲ, ನಡತೆಯನ್ನು ಕಲಿಯುತ್ತದೆ. ಈ ಸಂಗತಿಯನ್ನು ಮನುಷ್ಯ ಗುರುತಿಸಿದ್ದು ನಿನ್ನೆ ಮೊನ್ನೆಯಲ್ಲ. ಅದಕ್ಕೊಂದು ದೀರ್ಘ ಇತಿಹಾಸವಿದೆ. ಆ ಇತಿಹಾಸದ ಕೊನೆಯ ಅಧ್ಯಾಯ ನ್ಯಾಯಾಲಯದ ಕಟಕಟೆಯವರೆಗೂ ಬರುತ್ತದೆ.

ಕ್ರಿ.ಶ. 980ರಲ್ಲಿ ಬುಖಾರಾದ ಸಮೀಪ ಹುಟ್ಟಿ 1037ರಲ್ಲಿ ಹಮದಾನ್‌ನಲ್ಲಿ ತೀರಿಕೊಂಡ ಇಬ್ನು ಸೀನಾರನ್ನು ನಾವು ಸಾಮಾನ್ಯವಾಗಿ ವೈದ್ಯರೆಂದು ನೆನೆಯುತ್ತೇವೆ. ಅವರ ಬೃಹತ್ ಗ್ರಂಥ ‘ಕಿತಾಬುಶ್ಶಿಫಾ’ ವೈದ್ಯಗ್ರಂಥವಲ್ಲ, ತತ್ವಶಾಸ್ತ್ರದ ವಿಶ್ವಕೋಶ. ಅದರಲ್ಲಿ ಆತ್ಮದ ಕುರಿತ ಭಾಗವೊಂದಿದೆ. ಪ್ರಾಣಿಗಳಿಗೆ ವಿಚಾರಶಕ್ತಿ ಇಲ್ಲದಿದ್ದರೂ ಅವು ಹಿತ ಅಹಿತಗಳನ್ನು ಹೇಗೆ ಗುರುತಿಸುತ್ತವೆ ಎಂಬ ಪ್ರಶ್ನೆಯನ್ನು ಅವರು ಅಲ್ಲಿ ಎತ್ತಿಕೊಳ್ಳುತ್ತಾರೆ. ಇದಕ್ಕೆ ಕಾರಣವಾದ ಶಕ್ತಿಯನ್ನು ಅವರು ‘ವಹ್ಮ್’ ಎಂದು ಕರೆದರು. ಹಿಂದೆಂದೂ ತೋಳವನ್ನು ಕಾಣದ ಕುರಿಯೂ ತೋಳಕ್ಕೆ ಹೆದರುತ್ತದೆ. ಇದು ಹುಟ್ಟಿನಿಂದ ಬಂದದ್ದು. ಆದರೆ ಎರಡನೆಯ ಬಗೆಯೊಂದಿದೆ, ಅದು ಅನುಭವದಿಂದ ಬರುವಂಥದ್ದು. ಒಂದು ವಸ್ತುವಿನ ರೂಪದ ಜೊತೆಗೆ ನೋವೋ ಸುಖವೋ ಸೇರಿ ಬಂದರೆ ಎರಡೂ ಸ್ಮೃತಿಯಲ್ಲಿ ಜೋಡಿಯಾಗಿ ಉಳಿಯುತ್ತವೆ. ಮುಂದೆ ಆ ರೂಪ ಮಾತ್ರ ಕಂಡರೂ ಜೊತೆಗಿದ್ದ ನೋವು ಎದ್ದು ಬರುತ್ತದೆ. ಇದಕ್ಕೆ ಇಬ್ನು ಸೀನಾ ಕೊಟ್ಟ ಉದಾಹರಣೆ ಯಾವುದು ಗೊತ್ತೇ? ಕೋಲನ್ನೂ ಮಣ್ಣಿನ ಹೆಂಟೆಯನ್ನೂ ಕಂಡು ಹೆದರುವ ನಾಯಿ!

ಸಾವಿರ ವರ್ಷಗಳ ಹಿಂದಿನ ಮಧ್ಯ ಏಷ್ಯಾದ ಬೀದಿಯ ನಾಯಿಯೂ ನಮ್ಮ ಓಣಿಯ ನಾಯಿಯೂ ಹೀಗೆ ಒಂದೇ ಪಾಠ ಓದಿವೆ. ಆ ಭಾಗ 12ನೆಯ ಶತಮಾನದಲ್ಲಿ ಸ್ಪೇನಿನ ತೊಲೆದೊದಲ್ಲಿ ಲ್ಯಾಟಿನ್ ಭಾಷೆಗೆ ಅನುವಾದಗೊಂಡು ಯುರೋಪಿನ ವಿದ್ವಾಂಸರ ಕೈ ಸೇರಿತು. ಇತ್ತ ಇಮಾಮ್ ಗಝ್ಝಾಲಿ (1058–1111) ಇದೇ ವಿಚಾರವನ್ನು ನಾಯಿಯಿಂದ ಮನುಷ್ಯನ ಕಡೆಗೆ ತಿರುಗಿಸಿದರು. ಹಾವು ಕಚ್ಚಿಸಿಕೊಂಡವನು ಬಣ್ಣಬಣ್ಣದ ಹಗ್ಗ ಕಂಡರೂ ಬೆಚ್ಚುತ್ತಾನೆ, ಏಕೆಂದರೆ ಎರಡು ಸಂಗತಿಗಳು ಒಮ್ಮೆ ಜೊತೆಯಾಗಿ ಬಂದರೆ ಅವು ಸದಾ ಜೊತೆಯಾಗಿಯೇ ಇರುತ್ತವೆಂದು ಮನಸ್ಸು ಆತುರದಿಂದ ನಂಬುತ್ತದೆ ಎಂದು ಅವರು ವಿವರಿಸಿದರು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ವಿಚಾರವನ್ನು ಕೇಳಿ ತಲೆದೂಗಿದ ಸಾಮಾನ್ಯ ಮನುಷ್ಯ, ಅದು ತನ್ನ ವಿರೋಧಿ ಪಂಥದವರ ಅಭಿಪ್ರಾಯವೆಂದು ತಿಳಿದ ಕ್ಷಣವೇ ಅದನ್ನು ತಳ್ಳಿಹಾಕುತ್ತಾನೆ ಎಂದೂ ತೋರಿಸಿದರು. ಹೆಸರು ಕೇಳಿದೊಡನೆ ಮುಖ ಸಿಂಡರಿಸುವ ಈ ಕಾಯಿಲೆಯ ಪರಿಚಯ ನಮ್ಮ ಕಾಲದವರಿಗೆ ಬೇರೆ ಬೇಕಿಲ್ಲ.

ನಾಯಿ ನಿಜವಾಗಿ ಕಲಿತದ್ದೇನು ಎಂಬ ಪ್ರಶ್ನೆ ಧರ್ಮಶಾಸ್ತ್ರಜ್ಞರನ್ನೂ ಕಾಡಿತ್ತು. ತರಬೇತಿ ಪಡೆದ ಬೇಟೆ ಪ್ರಾಣಿ ಹಿಡಿದು ತಂದದ್ದರ ಬಗ್ಗೆ ಪವಿತ್ರ ಕುರ್‌ಆನಿನ ಐದನೆಯ ಅಧ್ಯಾಯದಲ್ಲಿ ಪ್ರಸ್ತಾಪವಿದೆ. ಹಾಗಾದರೆ ತರಬೇತಿ ಪಡೆದ ನಾಯಿ ಎಂದರೆ ಯಾವುದು? ಯಜಮಾನ ತಾನು ಕಲಿಸಿದ್ದೇನೆಂದು ಹೇಳಿದರೆ ಸಾಲದು. ನಾಯಿ ಬೇಟೆಯನ್ನು ತಾನೇ ತಿಂದರೆ ಅದು ಹಿಡಿದದ್ದು ತನಗಾಗಿಯೇ ಹೊರತು ಯಜಮಾನನಿಗಾಗಿ ಅಲ್ಲ ಎಂಬ ಪ್ರವಾದಿವರ್ಯರ ಬೋಧನೆಯನ್ನು ಅದೀ ಬಿನ್ ಹಾತಿಮ್ ವರದಿ ಮಾಡಿದ್ದಾರೆ. ಬೇಟೆಯ ಬಳಿ ನಿಮ್ಮ ನಾಯಿಯ ಜೊತೆ ಬೇರೊಂದು ನಾಯಿಯೂ ಇದ್ದರೆ, ಹಿಡಿದದ್ದು ಯಾವುದೆಂದು ಖಚಿತವಿಲ್ಲವಾದ್ದರಿಂದ ಅದನ್ನು ಬಿಡಬೇಕು. ಹನಫೀ ವಿದ್ವಾಂಸರಲ್ಲಿ ಅಬೂ ಯೂಸುಫ್ ಮತ್ತು ಮುಹಮ್ಮದ್ ಅಶ್ಶೈಬಾನಿ, ನಾಯಿ ಮೂರು ಬಾರಿ ತಿನ್ನದೆ ಬಿಟ್ಟರೆ ಕಲಿತಿದೆ ಎನ್ನಬಹುದು ಎಂದರು. ಅವರ ಗುರು ಅಬೂ ಹನೀಫಾ ಸಂಖ್ಯೆಯನ್ನು ಗೊತ್ತುಪಡಿಸದೆ ಅನುಭವಿ ಬೇಟೆಗಾರನ ನಿರ್ಣಯಕ್ಕೆ ಬಿಟ್ಟರು. ಒಟ್ಟಿನಲ್ಲಿ ಪರೀಕ್ಷೆ ನಾಯಿಯ ನಡತೆಯ ಮೇಲೆ, ಕಲಿಸಿದವನ ಮಾತಿನ ಮೇಲಲ್ಲ. ಈ ಅಂಶವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಈ ಇತಿಹಾಸದ ಅತ್ಯಂತ ಪ್ರಸಿದ್ಧ ನಾಯಿಗಳ ಬಳಿಗೆ ಬರೋಣ. ರಷ್ಯಾದ ರ‍್ಯಾಝಾನ್ ಎಂಬಲ್ಲಿ ಪಾದ್ರಿಯ ಮಗನಾಗಿ 1849ರಲ್ಲಿ ಹುಟ್ಟಿದ ಇವಾನ್ ಪಾವ್ಲೋವ್, 1891ರಿಂದ ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯಲ್ಲಿ ಶರೀರಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ಅವರಿಗೆ ನಾಯಿಯ ಮನಸ್ಸಿನ ಮೇಲೆ ಯಾವ ಆಸಕ್ತಿಯೂ ಇರಲಿಲ್ಲ. ಅವರಿಗೆ ಬೇಕಿದ್ದದ್ದು ನಾಯಿಯ ಹೊಟ್ಟೆ. ಆಹಾರ ಬಾಯಿಗೆ ಬಿದ್ದಾಗ ಎಷ್ಟು ಜೊಲ್ಲು ಬರುತ್ತದೆ, ಜಠರಕ್ಕೆ ಹೋದಾಗ ಎಷ್ಟು ರಸ ಒಸರುತ್ತದೆ, ಮಾಂಸಕ್ಕೆ ಎಷ್ಟು, ರೊಟ್ಟಿಗೆ ಎಷ್ಟು ಎಂಬುದನ್ನು ಅಳೆಯುವುದು ಅವರ ಕೆಲಸ. ಅದಕ್ಕಾಗಿ ಶಸ್ತ್ರಕ್ರಿಯೆ ಮಾಡಿ ಗ್ರಂಥಿಯ ನಾಳವನ್ನು ಹೊರಕ್ಕೆ ತಂದು ಕೊಳವೆ ಜೋಡಿಸುತ್ತಿದ್ದರು. (ಆ ನಾಯಿಗಳು ಅನುಭವಿಸಿದ್ದನ್ನು ಓದಿದರೆ ಈಗಲೂ ಸಂಕಟವಾಗುತ್ತದೆ. ವಿಜ್ಞಾನದ ಇತಿಹಾಸ ಬರೆಯುವವರು ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಡುವುದು ವಾಡಿಕೆ. ನಾವೂ ಹಾಗೆಯೇ ಮಾಡುತ್ತಿದ್ದೇವೆ.)

ಈ ಕೆಲಸದಲ್ಲಿ ಒಂದು ಕಿರಿಕಿರಿ ಎದುರಾಯಿತು. ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ನಾಯಿ ಆಹಾರ ಬಾಯಿಗೆ ಬಿದ್ದಾಗಲಷ್ಟೇ ಜೊಲ್ಲು ಸುರಿಸುತ್ತಿತ್ತು. ಸ್ವಲ್ಪ ದಿನ ಕಳೆದರೆ ಬಟ್ಟಲು ಕಂಡೊಡನೆ ಸುರಿಸತೊಡಗುತ್ತಿತ್ತು. ಆಮೇಲೆ ಊಟ ತರುವ ಕೆಲಸಗಾರನನ್ನು ಕಂಡೊಡನೆ. ಕೊನೆಗೆ ಅವನ ಹೆಜ್ಜೆಯ ಸದ್ದಿಗೇ. ಅಳತೆಗೆ ಕುಳಿತವರಿಗೆ ಇದು ಕೆಲಸ ಕೆಡಿಸುವ ವ್ಯವಹಾರ. ಬಾಯಿಗೆ ಏನೂ ಬೀಳದೆ ಕೊಳವೆಯಲ್ಲಿ ಜೊಲ್ಲು ತುಂಬಿದರೆ ಅಳೆಯುವುದೇನನ್ನು? ಇದಕ್ಕೆ ಅವರು ‘ಮಾನಸಿಕ ಸ್ರಾವ’ ಎಂದು ಹೆಸರಿಟ್ಟರು.

ಹೆಜ್ಜೆ ಸದ್ದಿಗೆ ಜೊಲ್ಲು ಸುರಿಸಬೇಕೆಂದು ಆ ನಾಯಿಗಳಿಗೆ ಯಾರೂ ಕಲಿಸಿರಲಿಲ್ಲ ಎಂಬುದನ್ನು ಗಮನಿಸಬೇಕು. ಊಟ ತರುತ್ತಿದ್ದ ಬಡ ಕೆಲಸಗಾರ ತಾನೊಬ್ಬ ಶಿಕ್ಷಕನೆಂದು ಕನಸಿನಲ್ಲೂ ಎಣಿಸಿರಲಾರ. ಶತಮಾನದ ಅತ್ಯಂತ ಹೆಸರಾಂತ ಪಾಠವನ್ನು ಹೇಳಿಕೊಟ್ಟವನು ಅವನು. ಅವನ ಹೆಸರು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಈ ಸ್ರಾವವನ್ನು ವಿವರಿಸುವುದು ಹೇಗೆಂಬ ಬಗ್ಗೆ ಪ್ರಯೋಗಾಲಯದೊಳಗೇ ಜಗಳವಾಯಿತು. ಸ್ನಾರ್‌ಸ್ಕಿ ಎಂಬ ಸಹಾಯಕ, ನಾಯಿಯ ಆಸೆ, ನೆನಪು, ಭಾವನೆಗಳ ಮೂಲಕವೇ ಇದನ್ನು ವಿವರಿಸಬೇಕೆಂದ. ಪಾವ್ಲೋವ್ ಒಪ್ಪಲಿಲ್ಲ. ನಾಯಿಯ ಮನಸ್ಸಿನೊಳಗೆ ಏನಿದೆಯೆಂದು ಊಹಿಸುವುದು ಬೇಡ, ಹೊರಗಿನಿಂದ ಏನು ಹೋಯಿತು, ಎಷ್ಟು ಹನಿ ಜೊಲ್ಲು ಬಂತು, ಅದನ್ನಷ್ಟೇ ಎಣಿಸೋಣ ಎಂಬುದು ಅವರ ಹಟ. ತೊಲೊಚಿನೋವ್ ಎಂಬ ಇನ್ನೊಬ್ಬ ಸಹೋದ್ಯೋಗಿಯ ಜೊತೆ ಸೇರಿ ಅವರು ಆ ಕಿರಿಕಿರಿಯನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡರು. 1903ರಲ್ಲಿ ಮ್ಯಾಡ್ರಿಡ್‌ನ ಅಂತಾರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಅದನ್ನು ಮಂಡಿಸಿದರು. ಮರುವರ್ಷ, 1904ರಲ್ಲಿ, ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಪ್ರಶಸ್ತಿ ಬಂದದ್ದು ಜೀರ್ಣಕ್ರಿಯೆಯ ಅಧ್ಯಯನಕ್ಕೆ. ಆದರೆ ಜಗತ್ತು ಅವರನ್ನು ನೆನಪಿಟ್ಟುಕೊಂಡದ್ದು, ನಾಯಿಗಳು ತಾವಾಗಿ ಕಲಿತುಕೊಂಡ ಆ ಅಭ್ಯಾಸಕ್ಕಾಗಿ. ರಷ್ಯನ್ ಭಾಷೆಯಲ್ಲಿ ಅವರು ಬಳಸಿದ ಪದಕ್ಕೆ ‘ಷರತ್ತಿಗೆ ಒಳಪಟ್ಟ ಪ್ರತಿಕ್ರಿಯೆ’ ಎಂದರ್ಥ. ಷರತ್ತು ತಪ್ಪಿದರೆ, ಅಂದರೆ ಹೆಜ್ಜೆ ಸದ್ದಾಗಿಯೂ ಊಟ ಬಾರದಿದ್ದರೆ, ಜೊಲ್ಲೂ ದಿನೇ ದಿನೇ ಕಡಿಮೆಯಾಗುತ್ತದೆ.

ಪಾವ್ಲೋವ್ ಎಂದರೆ ಗಂಟೆ ಎಂದು ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಆದರೆ 2014ರಲ್ಲಿ ಅವರ ಬೃಹತ್ ಜೀವನಚರಿತ್ರೆ ಬರೆದ ಡೇನಿಯಲ್ ಟೋಡ್ಸ್ ಪ್ರಕಾರ ಅವರು ಹೆಚ್ಚಾಗಿ ಬಳಸಿದ್ದು ಟಿಕ್ ಟಿಕ್ ಎನ್ನುವ ಮೆಟ್ರೊನೋಮ್, ಬಝರ್, ಹಾರ್ಮೋನಿಯಂ ಇತ್ಯಾದಿ. ಗಂಟೆಯ ಸದ್ದು ಎಷ್ಟು ಹೊತ್ತು, ಎಷ್ಟು ಜೋರಾಗಿ ಕೇಳುತ್ತದೆಂಬುದು ಹಿಡಿತಕ್ಕೆ ಸಿಗುವಂಥದ್ದಲ್ಲ. ಗಂಟೆ ಮತ್ತು ಪಾವ್ಲೋವ್ ನಮ್ಮ ತಲೆಯಲ್ಲಿ ಹೀಗೆ ಜೋಡಿಯಾದದ್ದೂ ಒಂದು ಕಲಿಸದ ಪಾಠವೇ ಇರಬೇಕು!

ಹಿಡಿತಕ್ಕೆ ಸಿಗದ ಇನ್ನೊಂದು ವಸ್ತು ಪ್ರಯೋಗಾಲಯದಲ್ಲಿತ್ತು. ಅದು ಪ್ರಯೋಗ ಮಾಡುವ ಮನುಷ್ಯ. ಅವನು ಕಣ್ಣು ಮಿಟುಕಿಸಿದರೂ, ಉಸಿರು ಬಿಗಿಹಿಡಿದರೂ, ಭಂಗಿ ಬದಲಿಸಿದರೂ ನಾಯಿ ಅದನ್ನು ಓದಿಕೊಳ್ಳುತ್ತಿತ್ತು. ನಾಯಿಯಿಂದ ಮನುಷ್ಯನನ್ನು ಬಚ್ಚಿಡಲು ದಪ್ಪ ಗೋಡೆಗಳ, ಹೊರಗಿನ ಸದ್ದು ಒಳಬಾರದ ವಿಶೇಷ ಕಟ್ಟಡವನ್ನೇ ಕಟ್ಟಬೇಕಾಯಿತು. ಅದಕ್ಕೆ ‘ಮೌನದ ಗೋಪುರ’ ಎಂಬ ಹೆಸರು ಬಿತ್ತು. ನಾಯಿ ಒಂದು ಕೋಣೆಯಲ್ಲಿ, ಸಂಶೋಧಕ ಇನ್ನೊಂದು ಕಡೆ.

1924ರ ಸೆಪ್ಟೆಂಬರ್ 23ರಂದು, ಅಷ್ಟರಲ್ಲಿ ಲೆನಿನ್‌ಗ್ರಾದ್ ಎಂಬ ಹೆಸರು ಪಡೆದಿದ್ದ ಆ ನಗರದಲ್ಲಿ ನೇವಾ ನದಿ ಉಕ್ಕಿ ಹರಿಯಿತು. ನಾಯಿಗಳ ಗೂಡುಗಳಿಗೆ ನೀರು ನುಗ್ಗಿತು. ನಾಯಿಗಳು ಮೂಗನ್ನಷ್ಟೇ ನೀರಿನ ಮೇಲಿಟ್ಟುಕೊಂಡು ಗೂಡಿನ ಮೇಲ್ಭಾಗದಲ್ಲಿ ಈಜುತ್ತಿದ್ದವು. ಬಾಗಿಲು ಕೆಳಗಿದ್ದುದರಿಂದ ರಕ್ಷಿಸಲು ಬಂದವರು ಅವುಗಳ ತಲೆಯನ್ನು ನೀರೊಳಗೆ ಒತ್ತಿ ಹೊರಗೆಳೆಯಬೇಕಾಯಿತು. ಬದುಕಿ ಬಂದವುಗಳಲ್ಲಿ ಕೆಲವು, ವರ್ಷಗಟ್ಟಲೆ ಶ್ರಮಪಟ್ಟು ಕಲಿಸಿದ್ದನ್ನು ಮರೆತೇಬಿಟ್ಟಿದ್ದವು. ಬಹಳ ದಿನಗಳ ನಂತರ ಅಂಥ ಒಂದು ನಾಯಿ ಚೇತರಿಸಿಕೊಂಡಿತೆಂದು ತೋರಿದಾಗ, ಪ್ರಯೋಗದ ಕೋಣೆಯ ಬಾಗಿಲಡಿಯಿಂದ ಸ್ವಲ್ಪ ನೀರು ಹರಿಸಿ ನೋಡಿದರು. ನೆಲದ ಮೇಲೆ ತೆಳ್ಳಗೆ ಹರಿದು ಬಂದ ಅಷ್ಟು ನೀರು ಕಂಡು ನಾಯಿ ತತ್ತರಿಸಿತು, ಕಲಿತದ್ದು ಮತ್ತೆ ಅಳಿಸಿಹೋಯಿತು. ಮೆಟ್ರೊನೋಮ್ ಪಾಠಕ್ಕೆ ನೂರಾರು ಸಲ ಬೇಕಾಗಿತ್ತು. ನೀರಿನ ಪಾಠಕ್ಕೆ ಒಂದೇ ದಿನ ಸಾಕಾಯಿತು. ನೆರೆಯಲ್ಲಿ ಮನೆ ಕಳೆದುಕೊಂಡವರು ಮಳೆಯ ಸದ್ದಿಗೆ ರಾತ್ರಿ ಎದ್ದು ಕೂರುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು.

ಪಾವ್ಲೋವ್‌ಗೆ ನೊಬೆಲ್ ಬಂದ ಅದೇ 1904ರಲ್ಲಿ ಬರ್ಲಿನ್ ನಗರ ಒಂದು ಕುದುರೆಯ ಹಿಂದೆ ಬಿದ್ದಿತ್ತು. ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಗಣಿತ ಶಿಕ್ಷಕರ ಹಾನ್ಸ್ ಎಂಬ ಆ ಕುದುರೆ ಲೆಕ್ಕ ಕೇಳಿದರೆ ಗೊರಸು ಕುಟ್ಟಿ ಉತ್ತರ ಹೇಳುತ್ತಿತ್ತು. ಮೇಷ್ಟ್ರು ಮೋಸಗಾರರಲ್ಲ. ತಾವು ಕುದುರೆಗೆ ಗಣಿತ ಕಲಿಸಿದ್ದೇವೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಪರೀಕ್ಷೆಗೆ ಬಂದ ತಜ್ಞರ ಮಂಡಳಿಗೂ ಯಾವ ಮೋಸ ಕಾಣಲಿಲ್ಲ. ಆಮೇಲೆ ಆಸ್ಕರ್ ಫುಂಗ್‌ಸ್ಟ್ ಎಂಬವರು ಒಂದು ಸರಳ ಉಪಾಯ ಮಾಡಿದರು. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿರದಂತೆ ನೋಡಿಕೊಂಡರು. ಕುದುರೆ ಪೆದ್ದಾಯಿತು! ಸರಿಯಾದ ಸಂಖ್ಯೆ ಬಂದೊಡನೆ ಕೇಳುವವನ ತಲೆ ಅವನಿಗರಿವಿಲ್ಲದೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕುದುರೆ ಕಲಿತದ್ದು ಗಣಿತವನ್ನಲ್ಲ, ಮೇಷ್ಟ್ರ ತಲೆಯನ್ನು. ಇಡೀ ಗುಟ್ಟು ತಿಳಿದ ಮೇಲೂ ಆ ಅಲುಗಾಟವನ್ನು ತಡೆಹಿಡಿಯುವುದು ಫುಂಗ್‌ಸ್ಟ್‌ಗೇ ಕಷ್ಟವಾಯಿತು ಎಂಬುದು ಗಮನಾರ್ಹ. ಅವರ ಪುಸ್ತಕ 1907ರಲ್ಲಿ ಬಂತು. ಮೇಷ್ಟ್ರು ಅದನ್ನು ಒಪ್ಪದೆಯೇ 1909ರಲ್ಲಿ ತೀರಿಕೊಂಡರು.

ಮೇಷ್ಟ್ರಿಗೆ ಆದದ್ದು ಅವಮಾನ ಮಾತ್ರ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಸೇನೆ ತೆತ್ತ ಬೆಲೆ ಬೇರೆ. ಬೆನ್ನಿಗೆ ಸ್ಫೋಟಕ ಕಟ್ಟಿದ ನಾಯಿಗಳನ್ನು ಜರ್ಮನ್ ಟ್ಯಾಂಕುಗಳ ಕೆಳಗೆ ನುಗ್ಗಿಸುವುದು ಅವರ ಯೋಜನೆ. ಹಸಿದ ನಾಯಿಗಳಿಗೆ ಟ್ಯಾಂಕಿನಡಿಯಲ್ಲಿ ಆಹಾರವಿಟ್ಟು ಅಭ್ಯಾಸ ಮಾಡಿಸಿದರು. ತರಬೇತಿಗೆ ಸಿಕ್ಕಿದ್ದು ತಮ್ಮದೇ ಟ್ಯಾಂಕುಗಳು. ಇಂಧನ, ಮದ್ದುಗುಂಡು ಉಳಿಸಲೆಂದು ಅವು ಹೆಚ್ಚಾಗಿ ನಿಂತೇ ಇರುತ್ತಿದ್ದವು. 1941ರಲ್ಲಿ ರಣರಂಗಕ್ಕೆ ಬಿಟ್ಟಾಗ, ಗುಂಡು ಹಾರಿಸುತ್ತ ಚಲಿಸುವ ಟ್ಯಾಂಕುಗಳನ್ನು ಕಂಡು ಎಷ್ಟೋ ನಾಯಿಗಳು ಹೆದರಿ ತಮ್ಮ ಕಂದಕಗಳಿಗೇ ಓಡಿ ಬಂದವು. ಬೆನ್ನ ಮೇಲೆ ಸ್ಫೋಟಕ ಹಾಗೆಯೇ ಇತ್ತು. ತಮ್ಮವರ ಡೀಸೆಲ್ ವಾಸನೆಗೆ ಒಗ್ಗಿದ್ದ ಕೆಲವು, ಪೆಟ್ರೋಲಿನ ಜರ್ಮನ್ ಟ್ಯಾಂಕುಗಳನ್ನು ಬಿಟ್ಟು ಸೋವಿಯತ್ ಟ್ಯಾಂಕುಗಳತ್ತ ಹೋದವೆಂದೂ ಹೇಳಲಾಗುತ್ತದೆ. ತಮ್ಮವರನ್ನು ಉಳಿಸಲು ಸೈನಿಕರು ಓಡಿ ಬಂದ ನಾಯಿಗಳನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ನಾಯಿಗಳು ದ್ರೋಹ ಮಾಡಲಿಲ್ಲ, ತಪ್ಪೂ ಮಾಡಲಿಲ್ಲ. ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದವು. ಕಲಿಸಿದ್ದೇನೆಂಬುದು ಕಲಿಸಿದವರಿಗೇ ತಿಳಿದಿರಲಿಲ್ಲ.

ಇದಕ್ಕೆ ತದ್ವಿರುದ್ಧವಾಗಿ, ಯಾರೂ ಕಲಿಸದ ಅಭ್ಯಾಸವೊಂದು ಸ್ಮಾರಕವಾದದ್ದೂ ಉಂಟು. ಟೋಕಿಯೋದ ಶಿಬುಯಾ ನಿಲ್ದಾಣದಲ್ಲಿ ಪ್ರೊಫೆಸರ್ ಉಎನೊ ಅವರಿಗಾಗಿ ಕಾಯುತ್ತಿದ್ದ ಹಾಚಿಕೊ ಎಂಬ ನಾಯಿಯ ಕಥೆ ಪ್ರಸಿದ್ಧ. ಪ್ರೊಫೆಸರರು 1925ರ ಮೇ ತಿಂಗಳಲ್ಲಿ ಹಠಾತ್ತನೆ ತೀರಿಕೊಂಡರು. ನಾಯಿ 1935ರ ಮಾರ್ಚ್‌ನಲ್ಲಿ ತಾನು ಸಾಯುವವರೆಗೂ ನಿಲ್ದಾಣಕ್ಕೆ ಬರುತ್ತಲೇ ಇತ್ತು. 1932ರಲ್ಲಿ ಪತ್ರಿಕೆಯಲ್ಲಿ ಸುದ್ದಿಯಾಗುವವರೆಗೆ ಅದನ್ನು ಗದರಿಸಿ ಓಡಿಸಿದವರೇ ಹೆಚ್ಚು. ಆಮೇಲೆ ತಿನ್ನಿಸುವವರು ಹೆಚ್ಚಾದರು. 1934ರಲ್ಲಿ, ನಾಯಿ ಬದುಕಿರುವಾಗಲೇ, ಕಂಚಿನ ಪ್ರತಿಮೆ ನಿಂತಿತು. ಶಾಲಾ ಪಠ್ಯದಲ್ಲಿ ಅದು ಕೃತಜ್ಞತೆಯ ಪಾಠವಾಯಿತು. ಅದು ಕಾದದ್ದು ಪ್ರೀತಿಗೋ, ಸಂಜೆಯ ರೈಲಿನ ಅಭ್ಯಾಸಕ್ಕೋ, ಸುತ್ತಲಿನ ಅಂಗಡಿಗಳ ಮಾಂಸದ ತುಂಡಿಗೋ ಎಂದು ವಾದಿಸುವವರಿದ್ದಾರೆ. ಮೂರನ್ನೂ ಬೇರ್ಪಡಿಸಲು ಸಾಧ್ಯವೆಂದು ನಮಗನಿಸುವುದಿಲ್ಲ, ಮನುಷ್ಯರ ವಿಷಯದಲ್ಲೂ ಅಷ್ಟೇ. ನಿಷ್ಠೆಯ ಸಂಕೇತವಾದ ಆ ಪ್ರತಿಮೆಯನ್ನು ಯುದ್ಧದ ಕೊನೆಗಾಲದಲ್ಲಿ ಲೋಹಕ್ಕಾಗಿ ಕರಗಿಸಲಾಯಿತು. ಈಗಿರುವುದು 1948ರದ್ದು.

ಇನ್ನು ನಾಯಿಯ ಮುಖದಲ್ಲಿ ಕಾಣುವ ‘ತಪ್ಪೊಪ್ಪಿಗೆ’ಯ ವಿಚಾರ. ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಾಡಿ, ಓರೆಗಣ್ಣಿನಿಂದ ನೋಡುವ ನಾಯಿಯನ್ನು ಕಂಡು ‘ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು’ ಎನ್ನುತ್ತೇವೆ. 2009ರಲ್ಲಿ ಅಮೆರಿಕದ ಅಲೆಕ್ಸಾಂಡ್ರಾ ಹಾರೊವಿಟ್ಜ್ ಹದಿನಾಲ್ಕು ನಾಯಿಗಳ ಮೇಲೆ ಇದನ್ನು ಪರೀಕ್ಷಿಸಿದರು. ತಿನ್ನಬೇಡ ಎಂದು ಹೇಳಿ ತಿಂಡಿಯಿಟ್ಟು ಯಜಮಾನ ಹೊರಗೆ ಹೋಗಬೇಕು. ತಿರುಗಿ ಬಂದಾಗ ನಾಯಿ ತಿಂದಿದೆಯೋ ಇಲ್ಲವೋ ಎಂಬುದನ್ನು ಅವನಿಗೆ ಕೆಲವೊಮ್ಮೆ ಸುಳ್ಳಾಗಿ ತಿಳಿಸಲಾಗುತ್ತಿತ್ತು. ಫಲಿತಾಂಶ ಏನು? ಆ ಮುಖಭಾವಕ್ಕೂ ತಿಂದದ್ದಕ್ಕೂ ಸಂಬಂಧವೇ ಇರಲಿಲ್ಲ. ಯಜಮಾನ ಗದರಿದಾಗ ಅದು ಕಾಣಿಸಿಕೊಳ್ಳುತ್ತಿತ್ತು. ಅಷ್ಟೇ ಅಲ್ಲ, ಏನೂ ತಿನ್ನದೆ ಬೈಸಿಕೊಂಡ ನಾಯಿಯಲ್ಲಿ ಅದು ಹೆಚ್ಚು ಸ್ಪಷ್ಟವಾಗಿತ್ತು. ನಿರಪರಾಧಿಯ ಮುಖವೇ ಅಪರಾಧಿಯದರಂತೆ ಕಂಡಿತು. ಠಾಣೆಯಲ್ಲಿ ಒಂದು ರಾತ್ರಿ ಕಳೆದು ಹೊರಬಂದ ಬಡವನ ಮುಖವನ್ನು ಕಂಡವರು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ನಮ್ಮ ಬಾಲ್ಯದ ಘಟನೆಯೊಂದನ್ನು ಇಲ್ಲಿ ಹೇಳಬೇಕು. ನಮ್ಮ ಊರಿನ ದಿನಸಿ ಅಂಗಡಿಯಲ್ಲಿ ಒಂದು ರಾತ್ರಿ ಕಳ್ಳತನವಾಯಿತು. ಮರುದಿನ ಪೊಲೀಸ್ ನಾಯಿ ಬಂತು. ಊರಿಗೆ ಊರೇ ಹಿಂದೆ ಹೊರಟಿತು, ನಾವು ಮಕ್ಕಳೂ ಸೇರಿ. ಪೇಟೆಯ ಕೊನೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಒಬ್ಬರಿದ್ದರು, ಎಲ್ಲರಿಗೂ ಅವರು ಕಾಕ. ಬೆಳಗ್ಗೆಯಿಂದ ಸಂಜೆಯವರೆಗೆ ಬಾಗಿ ಸ್ಪಾನರ್ ಹೆಕ್ಕುವುದೇ ಅವರ ಕೆಲಸ. ಆದರೂ ಬೀದಿ ನಾಯಿಗಳು ಅವರ ಅಂಗಡಿ ಮುಂದೆ ನಿಶ್ಚಿಂತೆಯಿಂದ ಮಲಗಿರುತ್ತಿದ್ದವು. ಕಳ್ಳತನ ಆದಾಗಿನಿಂದ ಯಾರೋ ಅವರ ಹೆಸರು ಪಿಸುಗುಟ್ಟಿದ್ದರು, ಏಕೆಂದು ಕೇಳಿದರೆ ಹೇಳುವವರಿಲ್ಲ. ಪೊಲೀಸ್ ನಾಯಿ ಆ ಕಡೆ ತಿರುಗುತ್ತಲೇ ಜನ ಒಬ್ಬರನ್ನೊಬ್ಬರು ನೋಡಿಕೊಂಡರು, ಸದ್ದಡಗಿತು. ಹಗ್ಗ ಹಿಡಿದವರೂ ನಡಿಗೆ ನಿಧಾನ ಮಾಡಿದರು. ನಾಯಿ ಅಲ್ಲಿಯೇ ಕುಳಿತಿತು. ಅಂದು ನಾವು ಅದನ್ನು ಪವಾಡವೆಂದುಕೊಂಡೆವು. ಈಗ ಯೋಚಿಸಿದರೆ, ಇನ್ನೂರು ಜನ ಏಕಕಾಲಕ್ಕೆ ಉಸಿರು ಬಿಗಿಹಿಡಿದ ಕಡೆ ನಾಯಿ ಕುಳಿತದ್ದರಲ್ಲಿ ಪವಾಡವೇನಿಲ್ಲ. ಕಾಕನನ್ನು ಎರಡು ದಿನ ಇಟ್ಟುಕೊಂಡು ಬಿಟ್ಟರು. ಕೆಲವು ತಿಂಗಳ ಮೇಲೆ ಕದ್ದವರು ಬೇರೆ ಊರಿನಲ್ಲಿ ಸಿಕ್ಕಿಬಿದ್ದರು. ಆದರೆ ‘ನಾಯಿ ಕೂತ ಅಂಗಡಿ’ ಎಂಬ ಹೆಸರು ಹೋಗಲಿಲ್ಲ.

2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ (ಡೇವಿಸ್) ಲೀಸಾ ಲಿಟ್ ಮತ್ತು ಸಂಗಡಿಗರು ಇಂಥದ್ದನ್ನೇ ಪರೀಕ್ಷೆಗೆ ಒಡ್ಡಿದರು. ಮಾದಕವಸ್ತು ಮತ್ತು ಸ್ಫೋಟಕ ಪತ್ತೆ ಹಚ್ಚಲು ತರಬೇತಿ ಪಡೆದ ಹದಿನೆಂಟು ನಾಯಿಗಳು, ಅವುಗಳ ಪಾಲಕರು, ಒಂದು ಚರ್ಚಿನ ನಾಲ್ಕು ಕೋಣೆಗಳು. ಕೋಣೆಗಳಲ್ಲಿ ವಾಸನೆ ಬಚ್ಚಿಟ್ಟಿರಬಹುದೆಂದೂ, ಕೆಲವು ಕಡೆ ಕೆಂಪು ಕಾಗದ ಅದರ ಗುರುತೆಂದೂ ಪಾಲಕರಿಗೆ ತಿಳಿಸಲಾಗಿತ್ತು. ನಿಜವಾಗಿ ಎಲ್ಲಿಯೂ ಏನನ್ನೂ ಇಟ್ಟಿರಲಿಲ್ಲ. ಒಟ್ಟು 144 ಹುಡುಕಾಟಗಳಲ್ಲಿ ‘ಇಲ್ಲಿದೆ’ ಎಂಬ ಸೂಚನೆ ಬಂದದ್ದು 225 ಸಲ. ಒಂದೂ ಸುಳ್ಳು ಸೂಚನೆಯಿಲ್ಲದೆ ಮುಗಿದ ಹುಡುಕಾಟಗಳು 21 ಮಾತ್ರ. ಕಾಗದ ಅಂಟಿಸಿದ ಕಡೆಗಳಲ್ಲಿ ಸೂಚನೆಗಳು ಹೆಚ್ಚಾಗಿ ಬಂದಿದ್ದವು. ಕಾಗದದ ಅರ್ಥ ನಾಯಿಗೆ ಗೊತ್ತಿರಲಿಲ್ಲ, ಹಗ್ಗ ಹಿಡಿದವನಿಗೆ ಗೊತ್ತಿತ್ತು. ನಾಯಿಯ ಮೂಗು ಅದ್ಭುತವಾದದ್ದು, ಸಂಶಯವಿಲ್ಲ. ಭೂಕಂಪದ ಅವಶೇಷಗಳಡಿ ಜೀವಗಳನ್ನು ಉಳಿಸಿದ್ದು ಅದೇ ಮೂಗು. ಆದರೆ ಆ ಮೂಗಿನ ಮೇಲೆ ಎರಡು ಕಣ್ಣುಗಳಿವೆ, ಅವು ಸದಾ ಯಜಮಾನನ ಮೇಲಿರುತ್ತವೆ. ಆದುದರಿಂದಲೇ ನಾಯಿಯ ಪರೀಕ್ಷೆ ನಡೆಯುವಾಗ ವಸ್ತು ಎಲ್ಲಿದೆಯೆಂಬುದು ಪಾಲಕನಿಗೂ ಅಲ್ಲಿ ನಿಂತವರಿಗೂ ತಿಳಿದಿರಬಾರದೆಂದು ತಜ್ಞರು ಒತ್ತಿ ಹೇಳುತ್ತಾರೆ. ಫುಂಗ್‌ಸ್ಟ್ ಕುದುರೆಗೆ ಮಾಡಿದ್ದೂ ಇದನ್ನೇ.

ನಮ್ಮ ಸುಪ್ರೀಮ್ ಕೋರ್ಟು ಈ ಪ್ರಯೋಗಕ್ಕೆ ಬಹಳ ಮೊದಲೇ ಎಚ್ಚರ ವಹಿಸಿತ್ತೆಂಬುದು ಸಮಾಧಾನದ ವಿಷಯ. ಮಹಾರಾಷ್ಟ್ರದಲ್ಲಿ ರೈಲು ಹಳಿ ತಪ್ಪಿಸಿದ ಪ್ರಕರಣವೊಂದರ ತೀರ್ಪಿನಲ್ಲಿ, 1969ರಲ್ಲಿ, ಪೊಲೀಸ್ ನಾಯಿಯ ಜಾಡು ಹಿಡಿಯುವಿಕೆಗೆ ಹೆಚ್ಚಿನ ತೂಕ ಕೊಡಲಾಗದೆಂದು ಅದು ಹೇಳಿತು. ನಾಯಿ ಕಟಕಟೆಗೆ ಬಂದು ಪ್ರಮಾಣ ಮಾಡಲಾರದು, ಪಾಟೀಸವಾಲಿಗೆ ಉತ್ತರಿಸಲಾರದು. ಅದರ ಪರವಾಗಿ ಮಾತನಾಡುವವನು ಪಾಲಕ. ಮನುಷ್ಯನ ಸ್ವಾತಂತ್ರ್ಯವೋ ಜೀವವೋ ನಾಯಿಯ ಊಹೆಯ ಮೇಲೆ ನಿಲ್ಲಬಾರದೆಂಬ ಆಕ್ಷೇಪವನ್ನೂ ನ್ಯಾಯಾಲಯ ಗಣನೆಗೆ ತೆಗೆದುಕೊಂಡಿತು. 2001ರಲ್ಲಿ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ಇನ್ನೂ ಸ್ಪಷ್ಟವಾಗಿ, ನಾಯಿಯಿಂದಲೂ ತಪ್ಪಾಗಬಹುದು, ಪಾಲಕನಿಂದಲೂ ತಪ್ಪಾಗಬಹುದು, ನಾಯಿಯ ನಡತೆಯಿಂದ ತಪ್ಪು ತೀರ್ಮಾನಕ್ಕೂ ಬರಬಹುದು ಎಂದಿತು. 2008ರಲ್ಲಿ ಅಸ್ಸಾಮಿನ ಪ್ರಕರಣವೊಂದರಲ್ಲಿ, ತನಿಖೆಗೆ ನಾಯಿಯ ನೆರವು ಪಡೆಯಬಹುದು, ಆದರೆ ಅಪರಾಧವನ್ನು ಸಾಬೀತುಪಡಿಸುವ ಸಾಕ್ಷ್ಯ ಅದಾಗದು ಎಂದು ಹೇಳಿತು. ಇಷ್ಟಾದರೂ ನಾಯಿ ಯಾರದೋ ಮನೆಯ ಮುಂದೆ ನಿಂತ ಸುದ್ದಿ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ತೀರ್ಪು ಬರುವುದು ವರ್ಷಗಳ ನಂತರ, ಅದೂ ಪ್ರಕರಣ ನ್ಯಾಯಾಲಯಕ್ಕೆ ಹೋದರೆ.

ಎಚ್ಚರ ತಪ್ಪಿದಲ್ಲಿ ಏನಾಯಿತೆಂಬುದಕ್ಕೆ ಅಮೆರಿಕದ ಫ್ಲಾರಿಡಾ ಸಾಕ್ಷಿ. ಅಲ್ಲಿ ಒಬ್ಬ ಪಾಲಕ ತನ್ನ ನಾಯಿ ಎಷ್ಟೋ ಹಳೆಯ ವಾಸನೆಯನ್ನೂ ಗುರುತಿಸುತ್ತದೆಂದು ನ್ಯಾಯಾಲಯಗಳಲ್ಲಿ ಸಾಕ್ಷಿ ನುಡಿಯುತ್ತಿದ್ದ. 1984ರಲ್ಲಿ ಒಬ್ಬ ನ್ಯಾಯಾಧೀಶರು ನಾಯಿಯನ್ನು ತಾವೇ ಪರೀಕ್ಷೆಗೆ ಒಳಪಡಿಸಿದರು. ಅದು ಸೋತಿತು. ಅಷ್ಟರಲ್ಲಿ ವಿಲ್ಟನ್ ಡೆಜ್, ವಿಲಿಯಂ ಡಿಲನ್ ಮೊದಲಾದವರು ಜೈಲು ಸೇರಿಯಾಗಿತ್ತು. ಡೆಜ್ 22 ವರ್ಷಗಳ ನಂತರ 2004ರಲ್ಲಿ, ಡಿಲನ್ 27 ವರ್ಷಗಳ ನಂತರ 2008ರಲ್ಲಿ, ಡಿಎನ್ಎ ಪರೀಕ್ಷೆಯಿಂದಾಗಿ ಹೊರಬಂದರು. ಅವರತ್ತ ಬೊಟ್ಟು ಮಾಡಿದ ನಾಯಿ ಸತ್ತು ಅದೆಷ್ಟು ಕಾಲವಾಗಿತ್ತೋ!

ನಮ್ಮ ಊರಿನ ಕಾಕನ ಮೇಲೆ ಮೊಕದ್ದಮೆಯೇ ಆಗಲಿಲ್ಲ, ಹಾಗಾಗಿ ಖುಲಾಸೆಯೂ ಆಗಲಿಲ್ಲ. ಗಿರಾಕಿಗಳು ಕಡಿಮೆಯಾದರು. ಮುಂದಿನ ವರ್ಷ ಅವರು ಸಾಮಾನುಗಳನ್ನು ಗಾಡಿಗೆ ಹೇರಿಕೊಂಡು ಪಕ್ಕದ ಊರಿಗೆ ಹೋದರು. ಮುಚ್ಚಿದ ಆ ಅಂಗಡಿಯ ಮುಂದೆ ಬೀದಿ ನಾಯಿಗಳು ಬಹಳ ದಿನ ಬಂದು ಮಲಗುತ್ತಿದ್ದವು. ಶಾಲೆಗೆ ಹೋಗುವಾಗ ನಾವು ನೋಡುತ್ತಿದ್ದೆವು.